ಹಳೇ ಬೈಬಲ್ ಸೀರಿಯಲ್ ಹಿಂದಿಯಲ್ಲೇ ಯಾಕೆ ನೋಡಿದ್ವಿ? ಇನ್ನಾದರೂ ಕನ್ನಡಕ್ಕೆ ಬರಲಿ

ವಿಜಯನಗರ, ಮೈಸೂರು: ಡಿಸೆಂಬರ್ ಬಂತೆಂದರೆ ಅಂಗಡಿಗಳ ಮುಂದೆ ಕ್ರಿಸ್ಮಸ್ ನಕ್ಷತ್ರಗಳು ತೂಗಾಡುತ್ತವೆ. ಜೊತೆಗೆ ಹಳೇ ದೂರದರ್ಶನದ ಮಾತೂ ಬರುತ್ತೆ. ನಲವತ್ತು ದಾಟಿದವರನ್ನು ಕೇಳಿ ನೋಡಿ, ರಾಮಾಯಣ, ಮಹಾಭಾರತದ ಜೊತೆಗೇ ‘ಬೈಬಲ್ ಕೀ ಕಹಾನಿಯಾಂ’ ಹೆಸರನ್ನೂ ಹೇಳುವವರಿದ್ದಾರೆ. ಹೇಳುವವರೆಲ್ಲ ಕ್ರೈಸ್ತರೇ ಆಗಬೇಕಿಲ್ಲ.

1992ರ ಕೊನೆಯಲ್ಲಿ ಶುರುವಾದ ಈ ಧಾರಾವಾಹಿ ಕೇರಳದ ನವೋದಯ ಅಪ್ಪಚ್ಚನ್ ಅವರದ್ದು. ದೇಶದ ಮೊದಲ 3ಡಿ ಸಿನಿಮಾ ‘ಮೈ ಡಿಯರ್ ಕುಟ್ಟಿಚಾತ್ತನ್’ (1984) ನಿರ್ಮಿಸಿದವರೂ ಅವರೇ. ಆಗಿನ್ನೂ ಉದಯ ಟಿವಿ ಬಂದಿರಲಿಲ್ಲ, ಅದು ಶುರುವಾಗಿದ್ದು 1994ರಲ್ಲಿ. ಕೇಬಲ್ ಇಲ್ಲದ ಮನೆಗೆ ದೂರದರ್ಶನವೇ ಗತಿ. ಬಂದಿದ್ದನ್ನು ಎಲ್ಲರೂ ನೋಡುತ್ತಿದ್ದರು. ಹಾಗಾಗಿ ಪಕ್ಕದ ಮನೆಯವರ ಧರ್ಮದ ಕಥೆ ನಮಗೂ ಗೊತ್ತಿರುತ್ತಿತ್ತು. ಇವತ್ತು ಮೊಬೈಲ್ ಪ್ರತಿಯೊಬ್ಬರಿಗೂ ಅವರವರಿಗೆ ಬೇಕಾದ್ದನ್ನೇ ತೋರಿಸುತ್ತೆ.

ಆದರೆ ಒಂದು ಕೊರಗಿದೆ. ಇದೆಲ್ಲ ನೋಡಿದ್ದು ಹಿಂದಿಯಲ್ಲಿ. ಅರ್ಧ ಅರ್ಥವಾಗಿ, ಅರ್ಧ ಊಹೆ ಮಾಡಿಕೊಂಡು ನೋಡಿದವರೇ ಜಾಸ್ತಿ.

ಕಾರಣ ಡಬ್ಬಿಂಗ್ ವಿರೋಧ. 1960ರ ದಶಕದಲ್ಲಿ ಪರಭಾಷೆಯ ಡಬ್ಬಿಂಗ್ ಚಿತ್ರಗಳ ಎದುರು ಕನ್ನಡದ ಕಲಾವಿದರು, ತಂತ್ರಜ್ಞರು ಉಳಿಯಬೇಕೆಂದು ಚಳವಳಿ ನಡೆಯಿತು. ಅದರ ಬೆಲೆ ಮೈಸೂರಿನವರಿಗೆ ಗೊತ್ತು. ಇಲ್ಲೇ ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೊ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಆ ಚಳವಳಿ ತಪ್ಪು ಅಂತ ಸಲೀಸಾಗಿ ಹೇಳೋಕಾಗಲ್ಲ.

ಆದರೆ ಲೆಕ್ಕ ಒಂದು ಕಡೆ ಕೆಟ್ಟಿತು. ‘ಡಬ್ ಬೇಡ, ನಾವೇ ಮಾಡೋಣ’ ಅನ್ನೋದು ದೊಡ್ಡ ಮಾರುಕಟ್ಟೆ ಇರುವ ಕಥೆಗೆ ಸರಿ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ. 1.87, ಅಂದರೆ ಸುಮಾರು 11.4 ಲಕ್ಷ ಜನ. ಇಷ್ಟು ವೀಕ್ಷಕರನ್ನು ನಂಬಿ ಸೆಟ್ಟು, ವೇಷಭೂಷಣ ಅಂತ ಕೋಟಿಗಟ್ಟಲೆ ಸುರಿಯೋಕೆ ಯಾವ ನಿರ್ಮಾಪಕ ಮುಂದೆ ಬರ್ತಾನೆ? ನಾವೂ ಮಾಡಲಿಲ್ಲ, ಬೇರೆಯವರು ಮಾಡಿದ್ದನ್ನೂ ಕನ್ನಡಕ್ಕೆ ಬಿಡಲಿಲ್ಲ. ಮನೆಯಲ್ಲಿ, ಚರ್ಚಿನಲ್ಲಿ ಕನ್ನಡದಲ್ಲೇ ಪ್ರಾರ್ಥನೆ ಮಾಡುವ ಕುಟುಂಬಕ್ಕೂ ಟಿವಿ ಮುಂದೆ ಹಿಂದಿಯೇ ಗತಿಯಾಯಿತು.

ಈಗ ಬಾಗಿಲು ತೆರೆದಿದೆ. ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಡಬ್ ಆದ ಮಹಾಭಾರತ ಬಂತು, ಮನೆಮಂದಿ ಕೂತು ನೋಡಿದರು. ಕನ್ನಡವೇನೂ ಮುಳುಗಿ ಹೋಗಲಿಲ್ಲ. ಪ್ರಸಾರ ಭಾರತಿ 2024ರಲ್ಲಿ ‘ವೇವ್ಸ್’ ಆ್ಯಪ್ ಶುರು ಮಾಡಿ ಹಳೇ ಕಾರ್ಯಕ್ರಮಗಳನ್ನು ಅಲ್ಲಿ ಹಾಕುತ್ತಿದೆ.

ಹಾಗಾದರೆ ಆಗಬೇಕಾದ್ದು ಏನು? ಹಳೇ ಧಾರಾವಾಹಿಯ ಹಕ್ಕು ಇರುವವರ ಜೊತೆ ಚಂದನ ವಾಹಿನಿ ಮಾತಾಡಿ ಕನ್ನಡ ಧ್ವನಿ ಕೊಡಿಸಬಹುದು. ರಂಗಾಯಣ ಇರುವ ಊರಿದು, ಒಳ್ಳೇ ಕಂಠ, ಸ್ಪಷ್ಟ ಉಚ್ಚಾರ ಇರುವ ರಂಗ ಕಲಾವಿದರಿಗೆ ಬರವಿಲ್ಲ. ಡಬ್ಬಿಂಗ್‌ನಿಂದ ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ, ಡಬ್ಬಿಂಗ್ ಕೂಡ ಕೆಲಸವೇ ಅನ್ನೋದು ಉತ್ತರ.

ಇನ್ನೊಂದು ಕೆಲಸ ನಮ್ಮದೇ. ಆಗ ರೆಕಾರ್ಡ್ ಮಾಡಿಟ್ಟ ವಿಡಿಯೊ ಕ್ಯಾಸೆಟ್ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ. ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತೆ, ಪ್ಲೇಯರ್ ರಿಪೇರಿ ಮಾಡುವವರೂ ಕಮ್ಮಿಯಾಗುತ್ತಿದ್ದಾರೆ. ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಡುವ ಸ್ಟುಡಿಯೊ ಸಿಕ್ಕರೆ ಈ ವರ್ಷವೇ ಮಾಡಿಸಿ. ಇನ್ನು ಹತ್ತು ವರ್ಷ ಬಿಟ್ಟರೆ ಹೇಳೋಕೆ ನೆನಪಿರುತ್ತೆ, ತೋರಿಸೋಕೆ ಏನೂ ಇರಲ್ಲ.