ಹಳೇ ಫೋನು ಅಮ್ಮನಿಗೆ

ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಹೊಸ ಫೋನು ಯಜಮಾನರಿಗೆ ಅಥವಾ ಮಗನಿಗೆ. ಅವರಿಗೆ ಅದು ಬೇಸರವಾದ ಮೇಲೆ ಅಮ್ಮನಿಗೆ. ಅಮ್ಮನ ಕೈಯಲ್ಲಿ ಇನ್ನಷ್ಟು ಸವೆದ ಮೇಲೆ ಅಜ್ಜಿಗೆ. ತಂಗಳು ಯಾರ ತಟ್ಟೆಗೆ ಬೀಳುತ್ತದೋ ಹಳೇ ಫೋನೂ ಅವರ ಕೈಗೇ ಬರುತ್ತದೆ. ಇದರ ಬಗ್ಗೆ ನನಗೆ ತಕರಾರು ಇಲ್ಲದೇ ಇಲ್ಲ, ಆದರೆ ಇವತ್ತಿನ ಜಗಳ ಅದಕ್ಕಿಂತ ಮುಂದಿನದು. ಹಾಗೆ ಬಂದ ಫೋನು ಕೆಲವು ತಿಂಗಳಲ್ಲೇ ಬ್ಯಾಂಕಿನ ಆ್ಯಪ್ ತೆರೆಯಲೊಲ್ಲೆ ಎನ್ನುತ್ತದೆ. ವಾಟ್ಸ್ಆ್ಯಪ್ 'ಈ ಫೋನಿಗೆ ನಾನು ಸಿಕ್ಕುವುದಿಲ್ಲ' ಎನ್ನುತ್ತದೆ. ಆಗ ಮನೆಯೊಳಗಿಂದ ಒಂದು ಮಾತು ಬರುತ್ತದೆ: "ನಿನಗೆ ಫೋನ್ ಬಳಸೋದಕ್ಕೆ ಬರಲ್ಲ ಬಿಡಮ್ಮ."

ಈ ಮಾತು ಸುಳ್ಳು. ಸುಳ್ಳು ಹೇಗೆಂದು ತೋರಿಸುವುದಕ್ಕೇ ಈ ಲೇಖನ.

ನಾನಿರುವುದು ಹಂಗಳದಲ್ಲಿ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವವರಿಗೆ ಬಂಡೀಪುರದ ಕಾಡು ಸಿಕ್ಕುವ ಮೊದಲು ಸಿಕ್ಕುವ ಊರು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಇಲ್ಲೇ ತಿರುಗಬೇಕು. ಮಳೆಗಾಲದಲ್ಲಿ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು. ಕಾರಿನಿಂದ ಇಳಿದವರು ಆ ಹಳದಿಯ ನಡುವೆ ನಿಂತು ಹೊಸ ಹೊಸ ಫೋನುಗಳಲ್ಲಿ ಪಟ ತೆಗೆದುಕೊಳ್ಳುತ್ತಾರೆ. ಅದೇ ಹೊಲದಲ್ಲಿ ಹೂ ಬಿಡಿಸುವ ಹೆಂಗಸರ ಸೆರಗಿನ ಗಂಟಿನಲ್ಲೂ ಫೋನಿರುತ್ತದೆ. ಗಾಜು ಒಡೆದದ್ದು, ರಬ್ಬರ್ ಬ್ಯಾಂಡ್ ಸುತ್ತಿದ್ದು, ಮಗ ಬಿಟ್ಟು ಹೊಸದು ತಗೊಂಡಿದ್ದು. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಸಂದೇಶ ಬರುವುದೂ ಅದಕ್ಕೇ, ಮಕ್ಕಳ ಶಾಲೆಯ ಸೂಚನೆ ಬರುವುದೂ ಅದಕ್ಕೇ.

ನಾನು ಬಿ.ಎ., ಬಿ.ಎಡ್. ಓದಿದವಳು, ಸಮಾಜ ವಿಜ್ಞಾನ ಹೇಳಿಕೊಡುವವಳು. ಫೋನಿನ ಹೊಟ್ಟೆಯೊಳಗೆ ಏನಿದೆಯೆಂದು ನನಗೆ ಹೇಳಿಕೊಟ್ಟವಳು ಈಗ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ. ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಮಿಸ್, ಇದರ ಮೈಯೆಲ್ಲಾ ಚೆನ್ನಾಗಿದೆ, ಇದನ್ನ ನೋಡಿಕೊಳ್ಳೋರು ಬಿಟ್ಟು ಹೋಗಿದ್ದಾರೆ ಅಷ್ಟೆ" ಅಂದಳು. ಹಾಗಂದರೇನೇ ಎಂದು ನಾನು ಬಿಡದೆ ಕೇಳಿದ್ದರಿಂದ ಆ ಮಧ್ಯಾಹ್ನ ಪೂರ್ತಿ ಪಾಠವಾಯಿತು. ಅದನ್ನು ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ.

ಆಂಡ್ರಾಯ್ಡ್ ಎನ್ನುತ್ತೇವಲ್ಲ, ಅದು ಒಬ್ಬರು ಮಾಡಿ ಎಲ್ಲರಿಗೂ ಬಡಿಸುವ ಅಡುಗೆಯಲ್ಲ. ಅದರ ಅಡಿಪಾಯ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು, ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. ಅದರ ಮೇಲೆ ಗೂಗಲ್ ಕಟ್ಟಿದ ಆಂಡ್ರಾಯ್ಡ್. ಅದರ ಮೊದಲ ಫೋನು ಬಂದದ್ದು 2008ರಲ್ಲಿ. ಗೂಗಲ್ ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸ ಆವೃತ್ತಿ ಬಿಡುಗಡೆ ಮಾಡುತ್ತದೆ. ಆದರೆ ಅದು ನೇರವಾಗಿ ನಮ್ಮ ಫೋನಿಗೆ ಬಂದು ಕೂರುವುದಿಲ್ಲ. ಮೊದಲು ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಮಾಡುವವರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿಯವರು ತಮ್ಮ ಪರದೆಗೆ, ಕ್ಯಾಮೆರಾಕ್ಕೆ, ಬೆರಳಚ್ಚಿನ ಗುಂಡಿಗೆ ಹೊಂದಿಸಬೇಕು. ತಮ್ಮ ಅಲಂಕಾರವನ್ನೂ ಹಚ್ಚಿ, ಪರೀಕ್ಷೆ ಮಾಡಿ, ಕಳಿಸಬೇಕು. ಒಂದೊಂದು ಮಾದರಿಗೂ ಈ ಕೆಲಸ ಬೇರೆಬೇರೆ.

ಕಂಪ್ಯೂಟರಿಗೆ ಹೀಗಿಲ್ಲವಲ್ಲ, ಒಂದೇ ಸಿ.ಡಿ. ಎಲ್ಲ ಕಂಪ್ಯೂಟರಿಗೂ ಆಗುತ್ತಿತ್ತಲ್ಲ ಎಂದು ನಾನು ಕೇಳಿದೆ. ಅವಳ ಉತ್ತರವನ್ನು ಅಡುಗೆಮನೆಗೆ ತಂದು ಹೇಳುವುದಾದರೆ ಹೀಗೆ. ಕಂಪ್ಯೂಟರ್ ಎಂದರೆ ಪ್ರತಿ ಡಬ್ಬದ ಮೇಲೂ ಚೀಟಿ ಅಂಟಿಸಿದ ಅಡುಗೆಮನೆ. ಹೊಸಬಳು ಒಳಗೆ ಬಂದರೂ ಓದಿಕೊಂಡು ಸಕ್ಕರೆ ಯಾವುದು ಉಪ್ಪು ಯಾವುದು ತಿಳಿದುಕೊಳ್ಳುತ್ತಾಳೆ. ಫೋನು ಚೀಟಿಯಿಲ್ಲದ ಅಡುಗೆಮನೆ. ಯಾವ ತಂತಿ ಎಲ್ಲಿಗೆ ಹೋಗಿದೆ, ಯಾವ ಭಾಗ ಎಲ್ಲಿ ಕೂತಿದೆ ಎಂದು ಮನೆಯವರೇ ಒಂದು ಪಟ್ಟಿ ಬರೆದುಕೊಡಬೇಕು. ಅದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಪಟ್ಟಿ ಸಿಕ್ಕಿದರೂ ಸಾಲದು, ಒಂದೊಂದು ಡಬ್ಬದ ಮುಚ್ಚಳ ತೆಗೆಯುವ ಉಪಾಯವೂ ಬೇಕು. ಅದು ಡ್ರೈವರ್. ಲಿನಕ್ಸ್ ಎಲ್ಲರಿಗೂ ತೆರೆದದ್ದಾದರೂ ಈ ಡ್ರೈವರುಗಳಲ್ಲಿ ಎಷ್ಟೋ ಭಾಗವನ್ನು ಚಿಪ್ ಕಂಪನಿಗಳು ಗುಟ್ಟಾಗಿ ಇಟ್ಟುಕೊಳ್ಳುತ್ತವೆ. ಅವರು ಆ ಚಿಪ್ಪನ್ನು ಕೈಬಿಟ್ಟ ದಿನ ಫೋನ್ ಕಂಪನಿಯವರಿಗೂ ಕೈಕಟ್ಟಿದ ಹಾಗೆ. ಫೋನ್ ಕಂಪನಿಗೋ ಹಳೆಯ ಮಾದರಿಗೆ ದುಡಿಯುವುದಕ್ಕಿಂತ ಹೊಸ ಮಾದರಿ ಮಾರುವುದೇ ಲಾಭ. ಬ್ಯಾಟರಿ ಇದೆ, ಪರದೆ ಇದೆ, ಮಾತು ಕೇಳಿಸುತ್ತದೆ. ಆದರೂ ಫೋನು ಸತ್ತಿದೆ. ಮುಪ್ಪಿನಿಂದ ಸತ್ತಿದ್ದಲ್ಲ, ಅನ್ನ ಹಾಕುವವರು ಬಿಟ್ಟುಹೋಗಿ ಸತ್ತದ್ದು.

ಗೂಗಲ್‌ಗೂ ಇದು ತಲೆನೋವೇ ಆಗಿತ್ತು. 2017ರಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಟ್ರೆಬಲ್ ಎಂಬ ಹೆಸರಿನಲ್ಲಿ ಒಂದು ಅಡ್ಡಗೋಡೆ ಎಬ್ಬಿಸಿದರು. ಚಿಪ್ಪಿಗೆ ಸೇರಿದ ಭಾಗ ಗೋಡೆಯ ಆಚೆ, ಆಂಡ್ರಾಯ್ಡ್ ಈಚೆ. ಈಚಿನದನ್ನು ಬದಲಾಯಿಸುವಾಗ ಆಚಿನದನ್ನು ಪ್ರತಿಸಲ ಹೊಸದಾಗಿ ಮಾಡಬೇಕಾಗಿಲ್ಲ. ಕೆಲಸ ಹಗುರವಾಯಿತು. ಆದರೆ ಆ ಕೆಲಸ ಮಾಡಬೇಕೋ ಬೇಡವೋ ಎನ್ನುವುದು ಕಂಪನಿಯ ಮರ್ಜಿಯಾಗಿಯೇ ಉಳಿಯಿತು.

ಮಾಡಲಿಕ್ಕೆ ಆಗುವುದೇ ಇಲ್ಲ ಎನ್ನುವವರಿಗೆ ನಾನು ಇಷ್ಟು ಹೇಳುತ್ತೇನೆ: ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಎಸ್24ಕ್ಕೆ ಏಳು ವರ್ಷ ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟವು. ಚಿಪ್ಪನ್ನೂ ವ್ಯವಸ್ಥೆಯನ್ನೂ ತಾನೇ ಮಾಡುವ ಆ್ಯಪಲ್ ಕಂಪನಿ 2015ರ ಐಫೋನಿಗೆ 2021ರಲ್ಲೂ ಹೊಸ ಆವೃತ್ತಿ ಕೊಟ್ಟಿತ್ತು. ಅಂದರೆ ವಿದ್ಯೆ ಇದೆ. ಅದು ಮೊದಲು ಹೋಗಿ ಸೇರಿದ್ದು ದುಬಾರಿ ಫೋನಿಗೆ. ಎಂಟು ಹತ್ತು ಸಾವಿರದ ಫೋನು ಕೊಂಡು ಅದನ್ನು ಇಡೀ ಮನೆ ಸರದಿಯ ಮೇಲೆ ಬಳಸುವವರಿಗೆ ನಿಜವಾಗಿ ಬೇಕಾದದ್ದು ದೀರ್ಘಾಯುಷ್ಯ. ಅವರಿಗೇ ಅದು ಕಡಿಮೆ!

ಕನ್ನಡದ ಕಥೆಯೂ ಇದೇ ಬಾಲಕ್ಕೆ ಕಟ್ಟಿಕೊಂಡಿದೆ. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಕಳಿಸಿದರೆ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ನಮ್ಮ ಲಿಪಿಗೆ ಅಕ್ಷರಗಳ ಅಚ್ಚು ಇದ್ದರೆ ಸಾಲದು, ಒತ್ತಕ್ಷರವನ್ನು ಜೋಡಿಸುವ ಒಂದು ಯಂತ್ರವೂ ವ್ಯವಸ್ಥೆಯ ಒಳಗೇ ಇರಬೇಕು. ಇಲ್ಲವಾದರೆ 'ಸ್ತ್ರೀ' ಎನ್ನುವುದು 'ಸ್‌ತ್‌ರೀ' ಎಂದು ಮೂರು ತುಂಡಾಗಿ ಬೀಳುತ್ತದೆ. (ಬೇರೆ ಯಾವ ಪದವೂ ಸಿಗಲಿಲ್ಲವೇ ಎಂದು ಕೇಳಬೇಡಿ.) 2014ರ ಐದನೆಯ ಆವೃತ್ತಿಯ ಹೊತ್ತಿಗೆ ಆಂಡ್ರಾಯ್ಡ್ ತಾನಾಗಿಯೇ ಕನ್ನಡದಲ್ಲಿ ಮಾತಾಡುವುದನ್ನು ಕಲಿತಿತ್ತು. ಆದರೆ ಅಷ್ಟರಲ್ಲೇ ಮಾರಾಟವಾಗಿ, ಮೇಲಿನ ಆವೃತ್ತಿ ಎಂದೂ ಬಾರದೇ ಹೋದ ಫೋನುಗಳಿಗೆ ಆ ಕನ್ನಡದಿಂದ ಏನು ಬಂತು?

ಬಡವರ ಕೈಗೆ, ಅವರದೇ ಮಾತಿನಲ್ಲಿ, ಹಂಚಿಕೊಂಡು ಬಳಸುವಂಥ ಯಂತ್ರ ಎಂಬ ಯೋಚನೆ ನಮ್ಮ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರು, ಒಳಗೆ ಲಿನಕ್ಸ್, ಈಗ ನೆನೆದರೆ ನಗು ಬರುವಷ್ಟು ಪುಟ್ಟ ನೆನಪು, 32 ಎಂ.ಬಿ. ಅಷ್ಟರಲ್ಲೇ ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸೌಕರ್ಯ, ಓದಲು ಬಾರದವರಿಗಾಗಿ. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅದರ ಸ್ಮಾರ್ಟ್ ಕಾರ್ಡು. ಯಂತ್ರ ಊರಿಗೆ ಒಂದಿದ್ದರೂ ಸಾಕು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ತನ್ನ ಕಾರ್ಡು ತೂರಿಸಿದ ಕೂಡಲೇ ಅದು ಅವಳ ಯಂತ್ರ. ಅದರಲ್ಲಿರುವುದು ಅವಳ ಲೆಕ್ಕ, ಅವಳ ಗುಟ್ಟು. ಹಂಚಿಕೊಂಡು ಬಳಸುವವರಿಗೂ ತಮ್ಮದು ಎನ್ನುವುದೊಂದು ಇರುತ್ತದೆ ಎಂದು ಆ ಮಹನೀಯರಿಗೆ ಹೊಳೆದಿತ್ತು. ನಮ್ಮ ಗಂಡಸರಿಗೆ ಅದು ಇನ್ನೂ ಹೊಳೆಯಬೇಕು.

2004ರಲ್ಲಿ ಪಿಕೋಪೆಟಾ ಎಂಬ ಅವರದೇ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ, ಅಮಿಡ ಸಿಂಪ್ಯೂಟರ್ ಎಂದು ಮಾರುಕಟ್ಟೆಗೆ ತಂದಿತು. ನಮ್ಮ ರಾಜ್ಯ ಸರ್ಕಾರ ಜಮೀನಿನ ದಾಖಲೆಯ ಕೆಲಸಕ್ಕೆ ಸ್ವಲ್ಪ ಬಳಸಿತು. ಮಾರಾಟ ಕೆಲವು ಸಾವಿರ ದಾಟಲಿಲ್ಲ. ಬೆಲೆ ಏರಿತ್ತು, ತಡವಾಗಿತ್ತು, ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಬಂದಿತ್ತು. ಸೋತಿತು, ಸರಿ. ಆದರೆ ಯಂತ್ರದ ವಿನ್ಯಾಸವನ್ನೇ ಎಲ್ಲರಿಗೂ ತೆರೆದಿಟ್ಟಿದ್ದ ಆ ಟ್ರಸ್ಟಿನ ದಾರಿಯನ್ನೂ ಅದರ ಜೊತೆಗೇ ಮಣ್ಣು ಮಾಡಿದ್ದು ಸರಿಯೇ? ಮುಚ್ಚಳ ತೆರೆದ ಡಬ್ಬಗಳಿದ್ದಿದ್ದರೆ ಮಾಡಿದವರು ಬಿಟ್ಟುಹೋದರೂ ಇನ್ನೊಬ್ಬರು ಒಲೆ ಹಚ್ಚಬಹುದಿತ್ತು. ಈಗಲೂ ಕೆಲವರು ಹಚ್ಚುತ್ತಾರೆ. ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ 2016ರಿಂದ ಜಗತ್ತಿನ ಎಲ್ಲೆಲ್ಲಿಯೋ ಇರುವ ಸ್ವಯಂಸೇವಕರು ಕಂಪನಿಗಳು ಕೈಬಿಟ್ಟ ಫೋನುಗಳಿಗೆ ಹೊಸ ಆಂಡ್ರಾಯ್ಡ್ ಹೊಂದಿಸಿಕೊಡುತ್ತಿದ್ದಾರೆ, ಸಂಬಳವಿಲ್ಲದೆ. ಆದರೆ ಅದನ್ನು ಹಾಕಬೇಕಾದರೆ ಫೋನಿನ ಬೀಗ ತೆರೆಯಬೇಕು, ಎಷ್ಟೋ ಕಂಪನಿಗಳು ಆ ಬೀಗದ ಕೈ ಕೊಡುವುದಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಬೀಗದ ಕೈ ಅಂಗಡಿಯವನ ಹತ್ತಿರ! ಬೀರು ಕೊಂಡಾಗ ಹೀಗೆ ಮಾಡಿದ್ದರೆ ಸುಮ್ಮನಿರುತ್ತಿದ್ದೆವೆಯೆ?

ಇನ್ನು ಸರ್ಕಾರದ ಮಾತು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಮನೆಯಲ್ಲಿ ಎಂಥ ಫೋನಿದೆ ಎನ್ನುವುದರ ಮೇಲೆ ಗುಂಪು ಮಾಡಿದೆವು. ಸ್ಮಾರ್ಟ್ ಫೋನ್ ಇದ್ದವರು, ಸಾದಾ ಫೋನಿನವರು, ಏನೂ ಇಲ್ಲದವರು. ಆ ಮೊದಲನೆಯ ಗುಂಪಿನಲ್ಲಿ ಎಷ್ಟೋ ಮಕ್ಕಳ ಫೋನು ಪಾಠದ ವೀಡಿಯೊ ತೆರೆಯುವಷ್ಟರಲ್ಲಿ ಉಸಿರು ಬಿಡುತ್ತಿತ್ತು. "ಐತೆ ಮಿಸ್, ಆದ್ರೆ ಓಪನ್ ಆಗಕಿಲ್ಲ ಕಣಿ ಮಿಸ್" ಎಂದು ಒಬ್ಬ ತಾಯಿ ಹೇಳಿದ್ದು ನಮ್ಮ ಯಾವ ಕಾಲಮ್ಮಿಗೂ ಸೇರಲಿಲ್ಲ. ಮರುವರ್ಷ ಅಂಗನವಾಡಿಗಳಿಗೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಬಂತು. ಮಹಾರಾಷ್ಟ್ರದ ಅಂಗನವಾಡಿ ಹೆಣ್ಣುಮಕ್ಕಳು 2021ರಲ್ಲಿ ತಮಗೆ ಕೊಟ್ಟಿದ್ದ ಫೋನುಗಳನ್ನು ಕಟ್ಟಿ ವಾಪಸು ಒಯ್ದು ಕೊಟ್ಟರು: ಎರಡು ಜಿ.ಬಿ.ಯ ಈ ಫೋನಿನಲ್ಲಿ ನಿಮ್ಮ ಆ್ಯಪ್ ನಡೆಯುವುದಿಲ್ಲ, ಅದರ ಇಂಗ್ಲಿಷೂ ನಮಗೆ ಬೇಡ ಎಂದು. ಅವರಿಗೆ ಫೋನ್ ಬಳಸಲು ಬರುವುದಿಲ್ಲ ಎಂದು ಯಾರಾದರೂ ಹೇಳಲಿ ನೋಡೋಣ! ಫೋನು ಏನು, ಆ್ಯಪ್ ಏನು, ತಪ್ಪು ಯಾರದು ಎಂದು ಅವರಷ್ಟು ಸ್ಪಷ್ಟವಾಗಿ ಇಂಜಿನಿಯರುಗಳೂ ಹೇಳಿರಲಿಲ್ಲ. ಯಾವುದೇ ಇಲಾಖೆ ಒಂದು ಆ್ಯಪನ್ನು ಕಡ್ಡಾಯ ಮಾಡುವ ಮುಂಚೆ, ಊರಿನಲ್ಲಿ ಇರುವ ಅತಿ ಹಳೆಯ ಫೋನಿನಲ್ಲಿ ಅದನ್ನು ನಡೆಸಿ ನೋಡಲಿ.

ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ಹಳೆಯ ಆವೃತ್ತಿಯಲ್ಲಿ ಕಳ್ಳರಿಗೆ ಕಿಂಡಿಗಳಿರುತ್ತವೆ, ಆದ್ದರಿಂದಲೇ ಬ್ಯಾಂಕುಗಳು ಬೇಡವೆನ್ನುತ್ತವೆ ಎಂದು ನನ್ನ ವಿದ್ಯಾರ್ಥಿನಿಯೇ ಹೇಳಿದಳು. ನಿಜ. ವಾಟ್ಸ್ಆ್ಯಪ್ 2025ರ ಜನವರಿಯಿಂದ ಐದಕ್ಕಿಂತ ಹಿಂದಿನ ಆವೃತ್ತಿಗಳನ್ನು ಬಿಟ್ಟದ್ದೂ ಅಕಾರಣವಾಗಿ ಅಲ್ಲವಂತೆ. ಆದರೆ ಕಿಂಡಿ ಮುಚ್ಚಬೇಕಾದ ಕೆಲಸ ಯಾರದು? ಮುಚ್ಚದವನನ್ನು ಬಿಟ್ಟು, ಕಿಂಡಿಯ ಮನೆಯಲ್ಲಿ ಇರುವವಳನ್ನು ಹೊರಗೆ ಹಾಕುವುದು ಯಾವ ಸೀಮೆಯ ಎಚ್ಚರಿಕೆ?

ಬೇರೆ ದೇಶಗಳು ಈ ಪ್ರಶ್ನೆಯನ್ನು ಕಂಪನಿಗಳಿಗೇ ಕೇಳಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಎಷ್ಟು ಕಾಲ ಭದ್ರತೆಯ ತಿದ್ದುಪಡಿ ಕೊಡುತ್ತೇವೆ ಎಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದ ನಿಯಮ ಇನ್ನೂ ಗಟ್ಟಿ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ತಿದ್ದುಪಡಿಗಳು ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಹೆಸರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ದುರಸ್ತಿ ಎಂದರೆ ಗಾಜು ಬ್ಯಾಟರಿ ಬದಲಾಯಿಸುವುದು ಮಾತ್ರವಲ್ಲವಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಲ್ಲಿಯ ತನಕ ತಿನ್ನಬಹುದು ಎಂದು ಅಚ್ಚು ಹಾಕಿಸುತ್ತೇವೆ. ಫೋನಿನ ಪೆಟ್ಟಿಗೆಯ ಮೇಲೆ ಬೆಲೆ ಇದೆ, ತಯಾರಾದ ತಿಂಗಳಿದೆ. ಅದರ ಪಕ್ಕದಲ್ಲೇ, ಎಲ್ಲಿಯ ತನಕ ನೋಡಿಕೊಳ್ಳುತ್ತೇವೆ ಎನ್ನುವ ತಾರೀಕೂ ಇರಲಿ, ಕನ್ನಡದಲ್ಲಿ.

ನಿಮ್ಮ ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್ ಒಳಗೆ ಹೋಗಿ 'ಫೋನ್ ಕುರಿತು' ಎನ್ನುವಲ್ಲಿ ಹುಡುಕಿ. ಸೆಕ್ಯುರಿಟಿ ಅಪ್‌ಡೇಟ್ ಎಂದು ಒಂದು ತಾರೀಕು ಇರುತ್ತದೆ. ಎರಡು ಮೂರು ವರ್ಷದ ಹಿಂದಿನದಾಗಿದ್ದರೆ, ನಿಮ್ಮ ಫೋನನ್ನು ಯಾರು ಯಾವಾಗ ಬಿಟ್ಟುಹೋದರು ಎಂಬುದಕ್ಕೆ ಅದೇ ದಾಖಲೆ. 'ಬರಲ್ಲ ಬಿಡಮ್ಮ' ಎನ್ನುವವರಿಗೆ ಅದನ್ನು ತೋರಿಸಿ. ನನ್ನದರಲ್ಲಿ 2019 ಎಂದಿತ್ತು. ನಾನು ಅದನ್ನು ಕೊಂಡದ್ದು 2017ರ ಕೊನೆಯಲ್ಲಿ.

ಕಳೆದ ತಿಂಗಳು ಗುಂಡ್ಲುಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಹುಡುಗ ನಾಲ್ಕು ಫೋನು ಮುಂದಿಟ್ಟು ಎಷ್ಟು ಜಿ.ಬಿ., ಎಷ್ಟು ಮೆಗಾಪಿಕ್ಸೆಲ್ ಎಂದು ಬಾಯಿಪಾಠ ಒಪ್ಪಿಸಿದ. ಅದೆಲ್ಲ ಇರಲಪ್ಪ, ಇದಕ್ಕೆ ಯಾವ ವರ್ಷದ ತನಕ ಅಪ್‌ಡೇಟ್ ಬರುತ್ತದೆ ಎಂದೆ. ಅವನು ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ, ಮಾಲೀಕರನ್ನು ಕೇಳಿದ, ಮಾಲೀಕರು ಮೈಸೂರಿನ ಡೀಲರಿಗೆ ಫೋನು ಹಚ್ಚಿದರು. ಹಿಂದೆ ನಿಂತಿದ್ದ ಹೆಂಗಸೊಬ್ಬರು, ಮಗಳನ್ನು ಕರೆದುಕೊಂಡು ಬಂದಿದ್ದವರು, "ಅಕ್ಕಾ, ಅದೇನ ಕೇಳುದ್ರಿ? ನಾನೂ ಕೇಳ್ತೀನಿ" ಅಂದರು.