ಕಳೆಗಿಡದ ಆನೆ

ಲಂಟಾನದ ಪೊದೆಗೆ ಒಮ್ಮೆ ಕೈಹಾಕಿದವರಿಗೆ ಅದರ ಗುಣ ಗೊತ್ತು. ಚೌಕನೆಯ ಕಡ್ಡಿ, ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಕೈ ಎಳೆದುಕೊಂಡಷ್ಟೂ ತರಚುತ್ತದೆ. ಎಲೆ ಉಜ್ಜಿದರೆ ಮೂಗಿಗಡರುವ ಘಾಟು. ಬ್ರಿಟಿಷರು ತೋಟದ ಚೆಂದಕ್ಕೆಂದು ತಂದ ಈ ಅಮೆರಿಕ ಖಂಡದ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ದಟ್ಟವಾಗಿ ಹಬ್ಬಿದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ. ಮೇವು ಕಡಿಮೆಯಾದ ಕಾಡಿನ ಆನೆ ಹೊಲದತ್ತ ಮುಖ ಮಾಡಿದರೆ ಅದನ್ನು ದೂರಿ ಏನು ಫಲ?

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇದೇ ಲಂಟಾನದಿಂದ ಮಾಡಿದ ಆನೆಗಳ ಹಿಂಡು ನಿಂತಿತ್ತು. ನೀಲಗಿರಿ ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಆದಿವಾಸಿಗಳ ಕೈಕೆಲಸ. ಗೂಡಲೂರಿನ ತೋಟಗಳ ನಡುವೆ ಓಡಾಡುವ ನಿಜವಾದ ಆನೆಗಳೇ ಅವಕ್ಕೆ ಮಾದರಿ, ಅಳತೆಯೂ ಅವುಗಳದೇ. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಮೆತ್ತಗಾದ ಮೇಲೆ ಸಿಪ್ಪೆ ಸುಲಿದು, ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ಬಾಗಿಸಿ ಕೂರಿಸುತ್ತಾರೆ. ಸೊಂಡಿಲಿನ ಸುಕ್ಕು, ಕಿವಿಯ ಮಡಿಕೆ, ಎಲ್ಲವೂ ಕಡ್ಡಿಯ ಬಾಗಿನಲ್ಲೇ ಮೂಡಬೇಕು. ಅದೇ ವರ್ಷ ಇಂಥ ನೂರು ಆನೆಗಳು ಅಮೆರಿಕಕ್ಕೆ ಹೋದವು. ನ್ಯೂಪೋರ್ಟ್, ನ್ಯೂಯಾರ್ಕ್‌ನಲ್ಲಿ ನಿಂತವು. ಮಾರಾಟದ ಹಣ ಮನುಷ್ಯರೂ ಕಾಡುಪ್ರಾಣಿಗಳೂ ಒಟ್ಟಿಗೆ ಬಾಳಲು ದುಡಿಯುವ ಸಂಸ್ಥೆಗಳಿಗೆಂದು ಮೀಸಲು.

ಹುಲಿಯ ಚಿತ್ರದ ಟೀ ಶರ್ಟನ್ನು ನಾನೂ ಕೊಂಡಿದ್ದೇನೆ. ಲಾಭದ ಒಂದು ಪಾಲು ಕಾಡಿಗೆ ಎಂದಿತ್ತು. ಆ ಪಾಲು ತಲುಪಿದರೆ ಸಂತೋಷವೇ. ಆದರೆ ಶರ್ಟು ಹೊಲಿಯುವುದರಿಂದ ಕಾಡಿನಲ್ಲಿ ಏನೂ ಬದಲಾಗುವುದಿಲ್ಲ. ಲಂಟಾನದ ಆನೆ ಮಾರಾಟವಾಗುವ ಮೊದಲೇ ಕಾಡಿನ ಒಂದಷ್ಟು ನೆಲ ತೆರವಾಗಿರುತ್ತದೆ. ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಲಿತು ಮಾಡುವ ಲಂಟಾನದ ಕುರ್ಚಿ, ಬುಟ್ಟಿಗಳದೂ ಇದೇ ಲೆಕ್ಕ.

ಮಂಗೋಲಿಯಾದಲ್ಲಿ 1998ರಲ್ಲಿ ಶುರುವಾದ ಸ್ನೋ ಲೆಪರ್ಡ್ ಎಂಟರ್‌ಪ್ರೈಸಸ್ ಇನ್ನೊಂದು ದಾರಿ ಹಿಡಿಯಿತು. ಕುರಿಗಾಹಿ ಹೆಂಗಸರು ಉಣ್ಣೆಯಿಂದ ಮಾಡಿದ ಸಾಮಾನನ್ನು ಅದು ಕೊಳ್ಳುತ್ತದೆ. ಅವರ ಸೀಮೆಯಲ್ಲಿ ಯಾರೂ ಹಿಮಚಿರತೆಯನ್ನು ಕೊಲ್ಲದಿದ್ದರೆ ವರ್ಷದ ಕೊನೆಗೆ ಬೋನಸ್. ಒಬ್ಬ ತಪ್ಪಿದರೂ ಎಲ್ಲರ ಬೋನಸ್ ಹೋಯಿತು. ಕಠಿಣವೇ ಹೌದು; ಆದರೆ ಊರೆಲ್ಲ ಸೇರಿ ಕಾವಲು ಕಾಯಲು ಅದು ಒಂದು ಕಾರಣ ಕೊಟ್ಟಿತು.

ಲಂಟಾನದ ಸಾಮಾನಿನ ಬಗ್ಗೆ ನನ್ನ ಚಿಂತೆ ಬೇರೆ. ಲಂಟಾನವನ್ನು ಮೇಲಿನಿಂದ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಸಮೇತ ಕಿತ್ತರೂ ಪಿಕಳಾರಗಳು ಹಣ್ಣು ತಿಂದು ಉದುರಿಸಿದ ಬೀಜ ಮಣ್ಣಿನಲ್ಲಿರುತ್ತದೆ. ಹಿಂದೆ ಸೋಲಿಗರು ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ 'ತರಗು ಬೆಂಕಿ' ಎಳೆಯ ಗಿಡಗಳನ್ನು ಹಿಡಿತದಲ್ಲಿಡುತ್ತಿತ್ತು ಎನ್ನುತ್ತಾರೆ ಅವರ ಹಿರಿಯರು. ಕಾನೂನು ಅದನ್ನು ನಿಲ್ಲಿಸಿತು. ಈಗ ಕಿತ್ತ ಜಾಗಕ್ಕೆ ಮಳೆ ಬಿದ್ದ ಮೇಲೆ ಯಾರಾದರೂ ಮರಳಿ ಹೋಗಬೇಕು, ಹುಲ್ಲಿನ ನಡುವೆ ಎದ್ದ ಲಂಟಾನದ ಸಸಿಗಳನ್ನು ಹುಡುಕಿ ಕೀಳಬೇಕು. ಮರುವರ್ಷವೂ ಹೋಗಬೇಕು. ಆ ಸಸಿಗಳಿಂದ ಕುರ್ಚಿಯೂ ಆಗದು, ಆನೆಯೂ ಆಗದು. ಹಾಗಾಗಿ ಈ ಕುರ್ಚಿ ಕೊಳ್ಳಲು ಹೊರಟವರಿಗೆ ನಾನು ಹೇಳುವುದಿಷ್ಟು: ಚೌಕಾಸಿ ಮಾಡಬೇಡಿ. ಸಸಿ ಕೀಳಲು ಮರಳಿ ಹೋಗುವ ಆ ದಿನಗಳ ಕೂಲಿ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿ. ಇಲ್ಲವಾದರೆ ಸೇರಿಸಿ ಎನ್ನಿ.