ಫಾಲ್ಕೆಯವರ ಸಂಕಲ್ಪ
1870ರಲ್ಲಿ ತ್ರ್ಯಂಬಕೇಶ್ವರದಲ್ಲಿ ಜನಿಸಿ, ಮುಂಬಯಿ ಬರೋಡೆಗಳಲ್ಲಿ ಚಿತ್ರಕಲೆ ಛಾಯಾಗ್ರಹಣಗಳನ್ನು ಅಭ್ಯಸಿಸಿ, ಮುದ್ರಣದ ಉದ್ಯಮದಲ್ಲಿಯೂ ನುರಿತಿದ್ದ ಧುಂಡಿರಾಜ ಗೋವಿಂದ ಫಾಲ್ಕೆಯವರು, ಮುಂಬಯಿಯಲ್ಲೊಮ್ಮೆ ಕ್ರಿಸ್ತನ ಜೀವನಚಿತ್ರವನ್ನು ಕಂಡು, ನಮ್ಮ ರಾಮ, ಕೃಷ್ಣರೂ ತೆರೆಯ ಮೇಲೆ ಹೀಗೆಯೇ ಸಂಚರಿಸುವಂತಾಗಬೇಕೆಂದು ಸಂಕಲ್ಪಿಸಿದುದು ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ಮಹತ್ತ್ವದ ಗಳಿಗೆ. ಜೀವವಿಮೆಯ ಪತ್ರವನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಚಿತ್ರನಿರ್ಮಾಣದ ವಿದ್ಯೆಯನ್ನು ಕಲಿತು ಮರಳಿದ ಅವರು, ಬಟಾಣಿಯ ಕಾಳೊಂದು ಮೊಳೆತು ಬೆಳೆಯುವ ಕ್ರಮವನ್ನು ಚಿತ್ರಿಸಿ ತೋರಿಸಿ, ಧನಿಕರ ವಿಶ್ವಾಸವನ್ನು ಗಳಿಸಿದರು. ಅಭಿನಯಕ್ಕೆ ಸ್ತ್ರೀಯರಾರೂ ಒಪ್ಪದಿರಲು, ಹರಿಶ್ಚಂದ್ರನ ರಾಣಿ ತಾರಾಮತಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ತರುಣನಿಗೆ ವಹಿಸಿ ಅವರು ನಿರ್ಮಿಸಿದ 'ರಾಜಾ ಹರಿಶ್ಚಂದ್ರ'ವು, 1913ರ ಮೇ 3ರಂದು ಮುಂಬಯಿಯ ಕಾರೋನೇಶನ್ ಚಿತ್ರಮಂದಿರದಲ್ಲಿ ಸಾರ್ವಜನಿಕರೆದುರಿಗೆ ಬಂದಿತು. ಆ ಕಾರ್ಯದಲ್ಲಿ ಪತ್ನಿ ಸರಸ್ವತೀಬಾಯಿಯವರು ಇಡೀ ತಂಡಕ್ಕೆ ಅಡಿಗೆಮಾಡಿ ಬಡಿಸಿದುದಲ್ಲದೆ, ಫಿಲ್ಮಿಗೆ ರಂಧ್ರಗಳನ್ನು ಕೊರೆಯುವುದು, ಅದನ್ನು ಸಂಸ್ಕರಿಸುವುದು ಮೊದಲಾದ ಸೂಕ್ಷ್ಮಕಾರ್ಯಗಳನ್ನೂ ನಿರ್ವಹಿಸಿದರು. ಮುಂದೆ 1917ರಲ್ಲಿ 'ಲಂಕಾದಹನ'ವು ಅಪಾರ ಜನಾದರವನ್ನು ಪಡೆಯಿತಾದರೂ, ವಾಕ್ಚಿತ್ರದ ಯುಗವು ಬಂದೊಡನೆ ಫಾಲ್ಕೆಯವರು ಮರೆಗೆ ಸರಿದು, 1937ರ 'ಗಂಗಾವತರಣ'ದ ತರುವಾಯ ಚಿತ್ರರಂಗದಿಂದ ನಿವೃತ್ತರಾಗಿ, 1944ರಲ್ಲಿ ನಾಸಿಕದಲ್ಲಿ ಕಾಲವಾದರು. ಅವರ ಹೆಸರಿನ ಪ್ರಶಸ್ತಿಯು 1969ರಲ್ಲಿ ಸ್ಥಾಪಿತವಾಯಿತು. 1965ರಲ್ಲಿ ಕನ್ನಡದ ತೆರೆಯ ಮೇಲೆ ಅದೇ ಹರಿಶ್ಚಂದ್ರನಾಗಿ ಮೆರೆದ ರಾಜ್‌ಕುಮಾರರಿಗೆ 1995ನೆಯ ಸಾಲಿನಲ್ಲಿ ಅದು ಸಂದುದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಫಾಲ್ಕೆಯವರನ್ನು ಸ್ಮರಿಸುವವರು ಸರಸ್ವತೀಬಾಯಿಯವರನ್ನೂ ಸ್ಮರಿಸತಕ್ಕದ್ದು. ಆ ಮಹಾಸಾಹಸವು ದಂಪತಿಗಳಿಬ್ಬರದೂ ಆಗಿತ್ತು.